ಕೆಂಪು ಚಿನ್ನದ ದ್ರಾವಣ ನೀಲಿಯಾಗಿದ್ದು ಯಾಕೆ? ಲೋಹದ ನ್ಯಾನೊಕಣಗಳನ್ನು ನೀರಿನಲ್ಲಿ ಇಡುವ ಬಗೆ

ಪ್ರಶ್ನೆ: ನಾನು ಕಾರವಾರದವಳು, ರಸಾಯನಶಾಸ್ತ್ರದಲ್ಲಿ ಎಂ.ಎಸ್‌ಸಿ. ಓದುತ್ತಿದ್ದೇನೆ. ಪ್ರಾಜೆಕ್ಟಿಗೆಂದು ಸಿಟ್ರೇಟ್ ಎಂಬ ಲವಣ ಬಳಸುವ ವಿಧಾನದಲ್ಲಿ ಚಿನ್ನದ ನ್ಯಾನೊಕಣ, ಅಂದರೆ ಕಣ್ಣಿಗೆ ಕಾಣದಷ್ಟು ಚಿಕ್ಕ ಚಿನ್ನದ ಕಣ, ಮಾಡಿದ್ದೆ. ಒಳ್ಳೆಯ ಮಾಣಿಕ್ಯದ ಕೆಂಪು ಬಂದಿತ್ತು. ಅರ್ಧ ಹಾಗೇ ಇಟ್ಟೆ. ಇನ್ನರ್ಧವನ್ನು ತೆಳು ಮಾಡಬೇಕಿತ್ತು, ಆದರೆ ಡಿಸ್ಟಿಲ್ಡ್ ವಾಟರ್ ಮುಗಿದಿತ್ತು. ಮೇ ತಿಂಗಳು, ಮನೆಯ ಬಾವಿ ನೀರನ್ನೇ ಚೆನ್ನಾಗಿ ಕುದಿಸಿ, ಸೋಸಿ, ಸಮಪಾಲು ಸೇರಿಸಿದೆ. ಅದು ನೇರಳೆಯಾಯಿತು, ಆಮೇಲೆ ನೀಲಿಯಾಯಿತು. ಈಗ ಮೇಲೆ ತಿಳಿನೀರು, ತಳದಲ್ಲಿ ಕಪ್ಪು ಪುಡಿ. ಪೇಟೆಯಿಂದ ತಂದ ಒಣ ಮುರುಗಲು ಸಿಪ್ಪೆಯ ರಸದಲ್ಲಿ ಬೆಳ್ಳಿಯ ಕಣಗಳನ್ನೂ ಮಾಡಿದ್ದೆ. ಅವು ಬೂದುಬಣ್ಣಕ್ಕೆ ತಿರುಗಿವೆ, ಮೇಲೆ ಹತ್ತಿಯಂಥದ್ದು ತೇಲುತ್ತಿದೆ. ಫ್ರೀಜರಿನಲ್ಲಿ ಇಟ್ಟರೆ ಉಳಿಯುತ್ತದೆ ಎಂದು ಗೆಳತಿ ಹೇಳುತ್ತಾಳೆ. ಇವನ್ನು ಎಷ್ಟು ದಿನ ಇಡಬಹುದು? ಹಾಳಾದದ್ದನ್ನು ಸರಿ ಮಾಡಬಹುದೇ? ಇನ್ನೊಂದು ಮಾತು. ಸಿರ್ಸಿಯಲ್ಲಿರುವ ನನ್ನ ಸೋದರಮಾವ ಅಡಿಕೆ ತೋಟಕ್ಕೆ ತಾಮ್ರದ ನ್ಯಾನೊ ದ್ರಾವಣವನ್ನು ಕ್ಯಾನಿನಲ್ಲಿ ತಂದಿಟ್ಟುಕೊಳ್ಳಬಹುದಾ ಎಂದು ಕೇಳುತ್ತಿದ್ದಾರೆ.

ಉತ್ತರ:

ನಿಮ್ಮ ಚಿನ್ನವನ್ನು ಕೆಡಿಸಿದ್ದು ಬಾವಿ ನೀರಿನ ಉಪ್ಪು. ಕುದಿಸಿದರೆ ಕ್ರಿಮಿ ಸಾಯುತ್ತದೆ, ಸೋಸಿದರೆ ಕಸ ಹೋಗುತ್ತದೆ, ಉಪ್ಪು ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಕುದಿಸುವಾಗ ಒಂದಷ್ಟು ನೀರು ಆವಿಯಾಗುವುದರಿಂದ ಉಪ್ಪಿನ ಪ್ರಮಾಣ ಸ್ವಲ್ಪ ಏರುವುದೇ ಹೆಚ್ಚು. ಕಡಲಂಚಿನ ಎಷ್ಟೋ ಬಾವಿಗಳ ನೀರು ಏಪ್ರಿಲ್, ಮೇ ಹೊತ್ತಿಗೆ ಸವಳಾಗುತ್ತದೆ. ಮಳೆ ನಿಂತು ತಿಂಗಳುಗಳಾಗಿರುತ್ತವೆ, ನೆಲದೊಳಗಿನ ಸಿಹಿನೀರು ಇಳಿದಿರುತ್ತದೆ, ಆ ಜಾಗಕ್ಕೆ ಸಮುದ್ರದ ನೀರು ನುಗ್ಗುತ್ತದೆ. ಬಾಯಿಗೆ ಹಾಕಿದರೆ ಸ್ವಲ್ಪವೇ ಸವಳು ಅನಿಸುವ, ಕುಡಿಯಲು ಅಡ್ಡಿಯಿಲ್ಲದ ನೀರು ಕೂಡ ನ್ಯಾನೊಕಣಗಳಿಗೆ ತಡೆಯಲಾರದಷ್ಟು ಉಪ್ಪಾಗಿರಬಹುದು.

ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇದು ಗೊತ್ತಾದರೆ ನಿಮ್ಮ ಬಾಕಿ ಪ್ರಶ್ನೆಗಳಿಗೆ ಅರ್ಧ ಉತ್ತರ ಸಿಕ್ಕಂತೆ.

ಚಿನ್ನದ ಎರಡು ಕಣಗಳು ತೀರಾ ಹತ್ತಿರ ಬಂದರೆ ಒಂದನ್ನೊಂದು ಎಳೆದುಕೊಳ್ಳುತ್ತವೆ. ಲೋಹಗಳ ನಡುವೆ ಈ ಸೆಳೆತ ತುಂಬಾ ಜೋರು. ಹಾಗಿದ್ದರೂ ನಿಮ್ಮ ಮೊದಲ ಬಾಟಲಿ ಕೆಂಪಗೇ ಇದೆ ಅಲ್ವಾ? ಅದಕ್ಕೆ ಕಾರಣ ಕಣದ ಮೈಮೇಲೆ ಕೂತಿರುವ ಸಿಟ್ರೇಟ್. ಅದಕ್ಕೆ ಋಣ ವಿದ್ಯುದಂಶ ಇದೆ. ಪ್ರತಿ ಕಣದ ಮೈಯೂ ಋಣವಾಗಿರುವುದರಿಂದ ಅವು ಪರಸ್ಪರ ದೂರ ತಳ್ಳುತ್ತವೆ. ಈ ತಳ್ಳುವಿಕೆ ಎಷ್ಟು ದೂರದವರೆಗೆ ಮುಟ್ಟುತ್ತದೆ ಎಂಬುದನ್ನು ನಿರ್ಧರಿಸುವುದು ನೀರಿನಲ್ಲಿರುವ ಉಪ್ಪು. ಅಡಿಗೆ ಉಪ್ಪು 1 ಮಿಲಿಮೋಲಾರ್ (ಲೀಟರಿಗೆ ಒಂದು ಮೋಲ್‌ನ ಸಾವಿರದಲ್ಲಿ ಒಂದು ಪಾಲು) ಇದ್ದರೆ ಅದು ಸುಮಾರು 10 ನ್ಯಾನೊಮೀಟರ್ ದೂರ ಮುಟ್ಟುತ್ತದೆ, ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. 100 ಮಿಲಿಮೋಲಾರ್ ಆದರೆ 1 ನ್ಯಾನೊಮೀಟರ್. ಸಮುದ್ರದ ನೀರಿನಲ್ಲಿ ಅರ್ಧ ನ್ಯಾನೊಮೀಟರ್ ಕೂಡ ಇಲ್ಲ. ಅಷ್ಟು ಹತ್ತಿರಕ್ಕೆ ಬಂದ ಎರಡು ಕಣಗಳನ್ನು ಬಿಡಿಸುವವರಿಲ್ಲ, ಸೆಳೆತವೇ ಗೆಲ್ಲುತ್ತದೆ. ಎಳೆತ ಮತ್ತು ತಳ್ಳುವಿಕೆಯ ಈ ಲೆಕ್ಕವನ್ನು 1941ರಲ್ಲಿ ಡೆರ್ಯಾಗಿನ್ ಮತ್ತು ಲಾಂಡೌ, 1948ರಲ್ಲಿ ವೆರ್ವೆ ಮತ್ತು ಓವರ್‌ಬೀಕ್ ಬೇರೆಬೇರೆಯಾಗಿ ಬರೆದರು. ನಿಮ್ಮ ಪಠ್ಯದಲ್ಲಿ ಡಿಎಲ್‌ವಿಒ ಎಂದು ಬರುವುದು ಈ ನಾಲ್ವರ ಹೆಸರಿನ ಮೊದಲಕ್ಷರಗಳು.

ಈಗ ನಿಮ್ಮ ಬಾಟಲಿಗೆ ಬನ್ನಿ. ಸಮುದ್ರದ ನೀರಿನಲ್ಲಿ ಸೋಡಿಯಂ ಸುಮಾರು 470 ಮಿಲಿಮೋಲಾರ್, ಮೆಗ್ನೀಸಿಯಂ 53, ಕ್ಯಾಲ್ಸಿಯಂ 10 ಇರುತ್ತದೆ. ನಿಮ್ಮ ಬಾವಿಯಲ್ಲಿ ಹತ್ತರಲ್ಲಿ ಒಂದು ಪಾಲು ಕಡಲ ನೀರು ಸೇರಿತ್ತು ಎಂದುಕೊಳ್ಳೋಣ. ಸಮಪಾಲು ಬೆರೆಸಿದ ಮೇಲೆ ನಿಮ್ಮ ಚಿನ್ನದ ಜೊತೆ ಸುಮಾರು 24 ಮಿಲಿಮೋಲಾರ್ ಸೋಡಿಯಂ, ಎರಡೂವರೆಗಿಂತ ಸ್ವಲ್ಪ ಜಾಸ್ತಿ ಮೆಗ್ನೀಸಿಯಂ, ಅರ್ಧ ಮಿಲಿಮೋಲಾರ್ ಕ್ಯಾಲ್ಸಿಯಂ ಇರುತ್ತದೆ. ಸೋಡಿಯಂ ಒಂದೇ ಆಗಿದ್ದರೆ ಸಿಟ್ರೇಟ್ ಹೊದ್ದ ಚಿನ್ನ ಅಷ್ಟನ್ನು ಸ್ವಲ್ಪ ಕಾಲ ತಾಳಿಕೊಳ್ಳಬಹುದಿತ್ತು. ಕೆಲಸ ಕೆಡಿಸುವವು ಮೆಗ್ನೀಸಿಯಂ, ಕ್ಯಾಲ್ಸಿಯಂ. ಶುಲ್ಜ್-ಹಾರ್ಡಿ ನಿಯಮ ಓದಿರುತ್ತೀರಿ. ಅಯಾನಿನ (ನೀರಿನಲ್ಲಿ ಕರಗಿ ವಿದ್ಯುದಂಶ ಹೊತ್ತ ಪರಮಾಣುವಿನ) ವೇಲೆನ್ಸಿ, ಅಂದರೆ ಅದು ಹೊತ್ತ ವಿದ್ಯುದಂಶ, ಏರಿದಂತೆ ಕಣಗಳನ್ನು ಒಂದಕ್ಕೊಂದು ಅಂಟಿಸುವ ಅದರ ಶಕ್ತಿ ತೀರಾ ಜೋರಾಗಿ ಏರುತ್ತದೆ. ಸಿದ್ಧಾಂತದ ಪ್ರಕಾರ ವೇಲೆನ್ಸಿಯ ಆರನೇ ಘಾತದಷ್ಟು, ಅಂದರೆ ಎರಡರ ವೇಲೆನ್ಸಿಯ ಕ್ಯಾಲ್ಸಿಯಂ ಸೋಡಿಯಂಗಿಂತ 64 ಪಟ್ಟು. ಪ್ರಯೋಗದಲ್ಲಿ ಅಷ್ಟೇ ಬರುತ್ತದೆ ಅಂತಲ್ಲ, ಆದರೆ ದಿಕ್ಕು ಅದೇ. ಅದರ ಮೇಲೆ ನೀವು ದ್ರಾವಣವನ್ನು ಅರ್ಧಕ್ಕೆ ತೆಳು ಮಾಡಿದಿರಿ, ಕಣಗಳನ್ನು ಕಾಯುತ್ತಿದ್ದ ಸಿಟ್ರೇಟೂ ಅರ್ಧವಾಯಿತು.

ಇದೇ ಕೆಲಸ ನಿಮ್ಮ ಊರಿನ ಪಕ್ಕದಲ್ಲೇ ನಡೆಯುತ್ತಿರುತ್ತದೆ. ಮಳೆಗಾಲದಲ್ಲಿ ಕಾಳಿ ನದಿ ಘಟ್ಟದ ಕೆಂಪು ಮಣ್ಣನ್ನು ಹೊತ್ತು ಬರುತ್ತದೆ. ಅದರಲ್ಲಿ ತೀರಾ ನುಣ್ಣನೆಯ ಜೇಡಿಮಣ್ಣಿನ ಕಣಗಳೂ ಋಣ ವಿದ್ಯುದಂಶ ಹೊತ್ತವೇ. ಸಿಹಿನೀರಿನಲ್ಲಿ ಅವು ಬೇಗ ತಳ ಸೇರುವುದಿಲ್ಲ. ಸದಾಶಿವಗಡದ ಬುಡದಲ್ಲಿ, ಅಳಿವೆಯ ಹತ್ತಿರ ಉಪ್ಪುನೀರು ತಾಗಿದ ಮೇಲೆ ಒಂದಕ್ಕೊಂದು ಅಂಟಿ, ದೊಡ್ಡದಾಗಿ, ಕೆಳಗೆ ಕೂರುತ್ತವೆ. ನದಿ ಕಡಲು ಸೇರುವಲ್ಲಿ ಕೆಸರು ತುಂಬಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ನಿಮ್ಮ ಬಾಟಲಿಯಲ್ಲಿ ಆಗಿದ್ದಕ್ಕೂ ಅಳಿವೆಯಲ್ಲಿ ಆಗುವುದಕ್ಕೂ ಲೆಕ್ಕ ಒಂದೇ.

ನಂಬಿಕೆ ಬರಬೇಕಾದರೆ ಉಳಿದ ಕೆಂಪು ದ್ರಾವಣದಲ್ಲಿ 1 ಮಿಲಿಲೀಟರ್ ಒಂದು ಸಣ್ಣ ಟೆಸ್ಟ್ ಟ್ಯೂಬಿಗೆ ಹಾಕಿ. ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಕಲ್ಲುಪ್ಪು ಸಿಕ್ಕರೆ ಒಳ್ಳೆಯದು, ಅದರಲ್ಲಿ ಮೆಗ್ನೀಸಿಯಂ ಕೂಡ ಸ್ವಲ್ಪ ಇರುತ್ತದೆ. ಅದರ ಗಟ್ಟಿ ದ್ರಾವಣವನ್ನು ಡ್ರಾಪರಿನಿಂದ ಒಂದೊಂದೇ ಹನಿ ಬಿಡುತ್ತ ಹೋಗಿ. ಹಿಂದೆ ಬಿಳಿ ಕಾಗದ ಹಿಡಿಯಿರಿ. ಹನಿ ಬಿದ್ದ ಜಾಗದಲ್ಲಿ ಮೊದಲು ನೇರಳೆ ಎಳೆ ಇಳಿಯುವುದು ಕಾಣುತ್ತದೆ. ಅಲುಗಿಸಿದರೆ ಒಮ್ಮೆ ಕೆಂಪಿಗೇ ಮರಳಿದಂತೆ ಅನಿಸಬಹುದು. ಇನ್ನೂ ಹಾಕಿದಾಗ ಪೂರ್ತಿ ದ್ರಾವಣ ಜಂಬುನೇರಳೆ ಬಣ್ಣಕ್ಕೆ, ಅಲ್ಲಿಂದ ಬೂದುನೀಲಿಗೆ ಹೋಗುತ್ತದೆ. ಒಂದೆರಡು ತಾಸು ಬಿಟ್ಟರೆ ಮೇಲೆ ತಿಳಿಯಾಗಿ ಕೆಳಗೆ ಕಪ್ಪು ಚೂರುಗಳು ಕೂರಲು ಶುರು. ಬಣ್ಣ ಬದಲಾಗುವುದು ಚಿನ್ನ ಬೇರೇನೋ ಆಗಿದ್ದರಿಂದ ಅಲ್ಲ. ಬಿಡಿ ಬಿಡಿಯಾಗಿದ್ದಾಗ 520 ನ್ಯಾನೊಮೀಟರ್ ಹತ್ತಿರದ ಹಸಿರು ಬೆಳಕನ್ನು ಹೀರುತ್ತಿದ್ದ ಕಣಗಳು, ಅಂಟಿಕೊಂಡ ಮೇಲೆ ಇನ್ನೂ ಉದ್ದದ ಅಲೆಗಳನ್ನು, ಕೆಂಪು ಬೆಳಕನ್ನು ಹೀರುತ್ತವೆ. ಆದ್ದರಿಂದ ನಮಗೆ ನೀಲಿ ಕಾಣುತ್ತದೆ.

ಹಾಳಾದದ್ದನ್ನು ಸರಿ ಮಾಡಬಹುದೇ? ನಿಮ್ಮ ಎರಡನೇ ಬಾಟಲಿಯ ಮಟ್ಟಿಗೆ, ಇಲ್ಲ. ಒಡೆದ ಹಾಲನ್ನು ಎಷ್ಟು ಕಲಕಿದರೂ ಮತ್ತೆ ಹಾಲಾಗುವುದಿಲ್ಲ, ಇದೂ ಹಾಗೇ. ಲೋಹಕ್ಕೆ ಲೋಹ ತಾಗಿ ಅಂಟಿಕೊಂಡ ಮೇಲೆ ಅಲುಗಿಸಿದರೂ, ಶಬ್ದದ ಅಲೆಗಳಿಂದ ಅಲುಗಿಸುವ ಸಾನಿಕೇಟರಿಗೆ ಹಾಕಿದರೂ ಬಿಡಿಯಾಗುವುದಿಲ್ಲ. ಆದರೆ ಒಂದು ವ್ಯತ್ಯಾಸ ಗಮನಿಸಿ. ಬಹಳ ದಿನ ಅಲುಗಿಸದೆ ಇಟ್ಟ ಒಳ್ಳೆಯ ಚಿನ್ನದ ದ್ರಾವಣದಲ್ಲೂ ತಳದ ಕಡೆ ಬಣ್ಣ ಸ್ವಲ್ಪ ಗಾಢವಾಗುವುದುಂಟು. ಚಿನ್ನ ಭಾರದ ಲೋಹ. 20 ನ್ಯಾನೊಮೀಟರ್ ಕಣ ನಿಂತ ನೀರಿನಲ್ಲಿ ದಿನಕ್ಕೆ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ಇಳಿಯುತ್ತದೆ, 100 ನ್ಯಾನೊಮೀಟರಿನದು ಎಂಟು ಮಿಲಿಮೀಟರಿಗಿಂತ ಜಾಸ್ತಿ. ಬಾಟಲಿಯನ್ನು ಮೆಲ್ಲಗೆ ತಿರುಗಿಸಿದಾಗ ಆ ಗಾಢ ಬಣ್ಣ ಎಲ್ಲ ಕಡೆ ಹರಡಿ ಅದೇ ಕೆಂಪು ಬಂದರೆ ಏನೂ ಆಗಿಲ್ಲ. ಚೂರುಗಳು ಎದ್ದು ತಿರುಗಿ ಮತ್ತೆ ತಳಕ್ಕೆ ಬಿದ್ದರೆ ಕೆಲಸ ಕೆಟ್ಟಿದೆ. ಎಷ್ಟೋ ವಿದ್ಯಾರ್ಥಿಗಳು ಮೊದಲನೆಯದನ್ನೇ ನೋಡಿ ಒಳ್ಳೆಯ ದ್ರಾವಣವನ್ನು ಚೆಲ್ಲಿಬಿಡುತ್ತಾರೆ, ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಫ್ರೀಜರ್ ಮಾತ್ರ ಬೇಡವೇ ಬೇಡ. ನೀರು ಮಂಜುಗಡ್ಡೆಯಾಗುವಾಗ ತನ್ನೊಳಗೆ ಉಪ್ಪನ್ನೂ ಸೇರಿಸಿಕೊಳ್ಳುವುದಿಲ್ಲ, ಕಣಗಳನ್ನೂ ಸೇರಿಸಿಕೊಳ್ಳುವುದಿಲ್ಲ. ಎಲ್ಲವನ್ನೂ ಹರಳುಗಳ ನಡುವಿನ ಸಂದಿಗೆ ತಳ್ಳುತ್ತದೆ. ಕಣಗಳು ಒತ್ತೊತ್ತಾಗಿ ನಿಲ್ಲುತ್ತವೆ, ಅಲ್ಲೇ ಉಪ್ಪೂ ಗಟ್ಟಿಯಾಗಿರುತ್ತದೆ. ಕರಗಿಸಿ ನೋಡಿದರೆ ಬರೀ ನೀಲಿ ಚೂರು. ಫ್ರಿಜ್ಜಿನ ಕೆಳಗಿನ ಭಾಗದಲ್ಲಿ 4 ಡಿಗ್ರಿ ಸೆಲ್ಸಿಯಸ್ ಹತ್ತಿರ ಇಡಿ. ಹಿಂಬದಿಯ ಗೋಡೆಗೆ ತಾಗಿಸಬೇಡಿ, ಹಳೆಯ ಫ್ರಿಜ್ಜುಗಳಲ್ಲಿ ಆ ಜಾಗ ಹೆಪ್ಪುಗಟ್ಟುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗಿ ದ್ರಾವಣ ಬೆಚ್ಚಗಾಯಿತು ಎಂದು ಗಾಬರಿ ಬೇಡ. ಕೋಣೆಯ ಬಿಸಿಯನ್ನು ಸಿಟ್ರೇಟ್ ಚಿನ್ನ ಸಲೀಸಾಗಿ ತಾಳಿಕೊಳ್ಳುತ್ತದೆ, ಹೆಪ್ಪುಗಟ್ಟುವುದನ್ನು ತಾಳುವುದಿಲ್ಲ. ಯಾರಿಗಾದರೂ ಬಸ್ಸಿನಲ್ಲಿ ಕಳಿಸುವಾಗಲೂ ಐಸಿನ ಮೇಲೆ ನೇರವಾಗಿ ಇಡಬೇಡಿ.

ಎಷ್ಟು ದಿನ ಎಂಬ ಪ್ರಶ್ನೆಗೆ ಒಂದೇ ಅಂಕಿ ಕೊಟ್ಟರೆ ಮೋಸ ಮಾಡಿದಂತೆ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮೈಕೆಲ್ ಫ್ಯಾರಡೆ 1850ರ ದಶಕದಲ್ಲಿ ಮಾಡಿದ ಚಿನ್ನದ ದ್ರಾವಣದ ಬಾಟಲಿಗಳು ಇಂದಿಗೂ ಇವೆ, ಬಣ್ಣವೂ ಇದೆ. 1857ರಲ್ಲಿ ಅದರ ಬಗ್ಗೆ ಅವರು ಪ್ರಬಂಧ ಓದಿದ್ದರು. ಉಪ್ಪು ಹಾಕಿದರೆ ಕೆಂಪು ನೀಲಿಯಾಗುತ್ತದೆ ಎಂಬುದನ್ನೂ ಅವರೇ ಗುರುತಿಸಿದ್ದರು. ಅಂದರೆ ಚಿನ್ನ ತಾನಾಗಿ ಕೆಡುವ ಲೋಹವಲ್ಲ. ನೀರು ಶುದ್ಧವಾಗಿದ್ದು, ಬಾಟಲಿ ಶುಚಿಯಾಗಿದ್ದರೆ ನಿಮ್ಮ ಮೊದಲ ಬಾಟಲಿ ತಿಂಗಳುಗಟ್ಟಲೆ, ವರ್ಷವೂ ಇದ್ದೀತು. ಅದಕ್ಕಿರುವ ಅಪಾಯ ಅಂಟಿಕೊಳ್ಳುವುದೊಂದೇ, ಮತ್ತೆ ಬೂಸ್ಟು. ಸಿಟ್ರೇಟ್ ಶಿಲೀಂಧ್ರಗಳಿಗೆ ಊಟ. ನಮ್ಮ ಕರಾವಳಿಯ ತೇವದ ಗಾಳಿಯಲ್ಲಿ ಮುಚ್ಚಳ ಪದೇಪದೇ ತೆಗೆದರೆ ಬೂಸ್ಟು ಬರಲು ತಡವಾಗುವುದಿಲ್ಲ. ಮಾಡಿದ ದಿನವೇ ಸಣ್ಣ ಸಣ್ಣ ಬಾಟಲಿಗಳಿಗೆ ಹಂಚಿ, ಒಂದೊಂದನ್ನು ಒಂದೇ ಸಲ ತೆರೆಯುವಂತೆ ಮಾಡಿಕೊಳ್ಳಿ.

ಬೆಳ್ಳಿಯ ಕಥೆ ಬೇರೆ. ಅದು ಅಂಟಿಕೊಳ್ಳುವುದೂ ಹೌದು, ಕರಗುವುದೂ ಹೌದು. ನೀರಿನಲ್ಲಿ ಕರಗಿರುವ ಆಮ್ಲಜನಕ ಬೆಳ್ಳಿಯ ಮೈಯನ್ನು ಮೆಲ್ಲಗೆ ತಿನ್ನುತ್ತದೆ, ಬೆಳ್ಳಿ ಅಯಾನುಗಳು ನೀರಿಗೆ ಬರುತ್ತವೆ. ನೀರು ಹುಳಿಯಾಗಿದ್ದಷ್ಟೂ, ಕಣ ಚಿಕ್ಕದಾಗಿದ್ದಷ್ಟೂ ಬೇಗ. ಹೀಗೆ ಬಂದ ಅಯಾನು ಬೆಳಕು ಮತ್ತು ಸಿಟ್ರೇಟ್ ಸಿಕ್ಕರೆ ಮತ್ತೆ ಲೋಹವಾಗಿ ಬೇರೆ ಕಣದ ಮೇಲೆ ಕೂರುತ್ತದೆ. ಅಂದರೆ ಬಾಟಲಿಯನ್ನು ನೀವು ಮುಟ್ಟದಿದ್ದರೂ ಚಿಕ್ಕವು ಕರಗಿ ದೊಡ್ಡವು ಬೆಳೆಯುತ್ತಿರುತ್ತವೆ. 2001ರಲ್ಲಿ ಸಂಶೋಧಕರು ಹಳದಿ ಬೆಳ್ಳಿ ದ್ರಾವಣವನ್ನು ಸಾಮಾನ್ಯ ಟ್ಯೂಬ್‌ಲೈಟಿನ ಬೆಳಕಿಗೆ ಇಟ್ಟೇ ದುಂಡು ಕಣಗಳನ್ನು ತ್ರಿಕೋನದ ಹಾಳೆಗಳನ್ನಾಗಿ ಮಾಡಿ ತೋರಿಸಿದರು, ಬಣ್ಣ ಹಳದಿಯಿಂದ ಹಸಿರಿಗೆ, ನೀಲಿಗೆ ಹೋಯಿತು. ಆದ್ದರಿಂದ ಬೆಳ್ಳಿಗೆ ಕತ್ತಲೆ ಬೇಕು. ಕಂದು ಬಣ್ಣದ ಗಾಜಿನ ಬಾಟಲಿ, ಅದಿಲ್ಲದಿದ್ದರೆ ಅಲ್ಯೂಮಿನಿಯಂ ಹಾಳೆ ಸುತ್ತಿ. ಕುತ್ತಿಗೆಯವರೆಗೆ ತುಂಬಿಸಿ, ಮೇಲೆ ಗಾಳಿಗೆ ಜಾಗ ಕಮ್ಮಿ ಇರಲಿ.

ನಿಮ್ಮ ಬೆಳ್ಳಿಗೆ ಆಗಿರುವುದು ಇದಕ್ಕೂ ಮೊದಲಿನ ತೊಂದರೆ ಎಂದು ನನ್ನ ಗುಮಾನಿ. ಪೇಟೆಯ ಒಣ ಮುರುಗಲು ಸಿಪ್ಪೆ ಅಂದಿರಲ್ಲ, ಅದು ಉಪ್ಪು ಹಾಕಿ ಒಣಗಿಸಿದ್ದೇ ನೋಡಿ. ಸಿಪ್ಪೆಯನ್ನು ಹಣ್ಣಿನ ರಸ ಮತ್ತು ಉಪ್ಪಿನಲ್ಲಿ ನೆನೆಸಿ ಬಿಸಿಲಿಗೆ ಹಾಕುವುದು ಕರಾವಳಿಯ ರೂಢಿ. ಸಾರಿಗೆ ಅದು ಬೇಕು, ಸಿಲ್ವರ್ ನೈಟ್ರೇಟಿಗೆ ಬೇಡ. ಕ್ಲೋರೈಡ್ ಇದ್ದ ರಸಕ್ಕೆ ಸಿಲ್ವರ್ ನೈಟ್ರೇಟ್ ಹಾಕಿದ ತಕ್ಷಣ ಒಂದಷ್ಟು ಬೆಳ್ಳಿ ಸಿಲ್ವರ್ ಕ್ಲೋರೈಡ್ ಆಗಿಬಿಡುತ್ತದೆ. ಅದು ಬಿಳಿ ಮಂಜಿನ ಹಾಗೆ ಕಾಣಬೇಕು, ಆದರೆ ಮುರುಗಲಿನ ಕೆಂಪಿನಲ್ಲಿ ಕಾಣುವುದಿಲ್ಲ. ಬೆಳಕು ಬಿದ್ದಂತೆ ಅದೇ ಬೂದುನೇರಳೆ ಆಗುತ್ತದೆ. ಪರೀಕ್ಷೆ ಸುಲಭ. ರಸವನ್ನು ಚೆನ್ನಾಗಿ ತೆಳು ಮಾಡಿ, ಒಂದೆರಡು ಹನಿ ದುರ್ಬಲ ನೈಟ್ರಿಕ್ ಆಮ್ಲ ಹಾಕಿ, ಆಮೇಲೆ ಒಂದು ಹನಿ ಸಿಲ್ವರ್ ನೈಟ್ರೇಟ್. ಹಣ್ಣಿನ ಹುಳಿಯಿಂದ ಬರುವ ಬೆಳ್ಳಿಯ ಲವಣಗಳು ಆ ಆಮ್ಲದಲ್ಲಿ ಕರಗುತ್ತವೆ, ಸಿಲ್ವರ್ ಕ್ಲೋರೈಡ್ ಕರಗುವುದಿಲ್ಲ. ಬಿಳಿ ಮಬ್ಬು ಉಳಿದರೆ ನಿಮ್ಮ ಸಿಪ್ಪೆಯಲ್ಲಿ ಉಪ್ಪಿದೆ. ಮುಂದಿನ ಸಲ ಹಸಿ ಹಣ್ಣಿನ ಸಿಪ್ಪೆ ತನ್ನಿ, ಸಿರ್ಸಿ ಕಡೆ ಬೇಸಿಗೆಯಲ್ಲಿ ಧಾರಾಳ ಸಿಗುತ್ತದೆ. ಅದನ್ನೂ ಡಿಸ್ಟಿಲ್ಡ್ ವಾಟರಿನಲ್ಲೇ ತೊಳೆದು, ಅದರಲ್ಲೇ ಕುದಿಸಿ.

ಮೇಲೆ ತೇಲುತ್ತಿರುವ ಹತ್ತಿ ಬೂಸ್ಟೇ. ಬೆಳ್ಳಿ ಕ್ರಿಮಿನಾಶಕ, ಹಾಗಾಗಿ ಬೆಳ್ಳಿ ದ್ರಾವಣ ಹಳಸುವುದಿಲ್ಲ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಸಕ್ಕರೆ, ಹುಳಿ, ಬಣ್ಣ ಎಲ್ಲ ಇರುವ ಹಣ್ಣಿನ ರಸದಲ್ಲಿ ಅಷ್ಟು ತೆಳು ಬೆಳ್ಳಿ ಬೂಸ್ಟನ್ನು ತಡೆಯುವ ಭರವಸೆ ಇಲ್ಲ. ಇನ್ನೂ ಒಂದು ತೊಂದರೆ ಇದೆ. ಮುರುಗಲು ತುಂಬಾ ಹುಳಿ. ಅಷ್ಟು ಹುಳಿಯಲ್ಲಿ ಕಣವನ್ನು ಹೊದ್ದಿರುವ ಆಮ್ಲಗಳು ತಮ್ಮ ಋಣ ವಿದ್ಯುದಂಶವನ್ನು ಕಳೆದುಕೊಳ್ಳುತ್ತವೆ, ತಳ್ಳುವ ಶಕ್ತಿ ಕುಗ್ಗುತ್ತದೆ, ಬೆಳ್ಳಿ ಕರಗುವುದೂ ಚುರುಕಾಗುತ್ತದೆ. ಎಲೆ, ಹಣ್ಣಿನ ರಸದಲ್ಲಿ ಕಣ ಮಾಡುವುದು ತಪ್ಪಲ್ಲ, ಅದೇ ರಸದಲ್ಲಿ ತಿಂಗಳುಗಟ್ಟಲೆ ಬಿಡುವುದು ತಪ್ಪು. ಮಾಡಿದ ಮೇಲೆ ಸೆಂಟ್ರಿಫ್ಯೂಜ್ ಮಾಡಿ (ಜೋರಾಗಿ ತಿರುಗಿಸಿ ಕಣಗಳನ್ನು ತಳಕ್ಕೆ ಇಳಿಸಿ), ಮೇಲಿನ ರಸ ತೆಗೆದು, ಶುದ್ಧ ನೀರಿಗೆ ಒಂದಿಷ್ಟು ಸಿಟ್ರೇಟ್ ಅಥವಾ ಪಿವಿಪಿ (ಪಾಲಿವಿನೈಲ್ ಪೈರೊಲಿಡೋನ್ ಎಂಬ ಪಾಲಿಮರ್) ಸೇರಿಸಿ ಅದರಲ್ಲಿ ಕಣಗಳನ್ನು ಮತ್ತೆ ಹರಡಿ. ಆದರೆ ಸುಮ್ನೆ ನಾಲ್ಕೈದು ಸಲ ತೊಳೆಯಬೇಡಿ. ಜಾಸ್ತಿ ತೊಳೆದರೆ ಮೈಮೇಲಿನ ಹೊದಿಕೆಯೂ ಹೋಗುತ್ತದೆ, ಬರೀ ಮೈಯ ಕಣಗಳು ಟ್ಯೂಬಿನ ತಳದಲ್ಲೇ ಅಂಟಿ ಕೂರುತ್ತವೆ.

ಪಿವಿಪಿ ಹೆಸರು ಬಂತು, ಅದರ ಬಗ್ಗೆ ಎರಡು ಮಾತು. ವಿದ್ಯುದಂಶದ ಮೇಲೆ ಮಾತ್ರ ನಿಂತ ಕಣಕ್ಕೆ ಉಪ್ಪು ಯಮ. ಉದ್ದ ಸರಪಳಿಯ ಅಣುಗಳನ್ನು, ಅಂದರೆ ಪಿವಿಪಿ, ಜೆಲಟಿನ್, ಗೋಂದು, ಹೊದಿಸಿದರೆ ಕಣಗಳು ಹತ್ತಿರ ಬರಲು ಆ ಸರಪಳಿಗಳೇ ಅಡ್ಡ ಬರುತ್ತವೆ. ಉಪ್ಪಿಗೆ ಅವು ಅಷ್ಟು ಜಗ್ಗುವುದಿಲ್ಲ. ರಿಚರ್ಡ್ ಜಿಗ್ಮಾಂಡಿ ಎಂಬ ರಸಾಯನಶಾಸ್ತ್ರಜ್ಞ ಇದನ್ನು ಅಳೆಯಲೆಂದೇ ಗೋಲ್ಡ್ ನಂಬರ್ ತಂದರು. 10 ಮಿಲಿಲೀಟರ್ ಚಿನ್ನದ ದ್ರಾವಣಕ್ಕೆ ಶೇ. 10ರ ಉಪ್ಪುನೀರು 1 ಮಿಲಿಲೀಟರ್ ಹಾಕಿದಾಗ ಕೆಂಪು ಕೆಡದಂತೆ ತಡೆಯಲು ಎಷ್ಟು ಮಿಲಿಗ್ರಾಂ ರಕ್ಷಕ ವಸ್ತು ಬೇಕು ಎಂಬ ಲೆಕ್ಕ. ಜೆಲಟಿನ್ನಿಗೆ ಅದು 0.005ರಿಂದ 0.01. ಇಷ್ಟು ಕಡಿಮೆ ಸಾಕು! ಅವರಿಗೆ 1925ರ ರಸಾಯನಶಾಸ್ತ್ರದ ನೊಬೆಲ್ ಬಂತು. ನಿಮ್ಮ ಪ್ರಾಜೆಕ್ಟಿನಲ್ಲಿ ಮುಂದೆ ಸಲೈನಿನಲ್ಲಿ ಅಥವಾ ಕಾಳಿಯ ಉಪ್ಪುನೀರಿನಲ್ಲಿ ಕಣಗಳನ್ನು ಬಳಸುವ ಯೋಚನೆ ಇದ್ದರೆ ಮೊದಲೇ ಇಂಥ ಹೊದಿಕೆ ಹಾಕಿಕೊಳ್ಳಿ. ಜೆಲಟಿನ್, ಗೋಂದು ಎರಡೂ ಬೂಸ್ಟಿಗೆ ಇಷ್ಟ ಎಂಬುದು ನೆನಪಿರಲಿ.

ಕೆಟ್ಟಿದೆಯೋ ಇಲ್ಲವೋ ನೋಡಲು ಕಣ್ಣು ಸಾಲದು, ದ್ರಾವಣ ಯಾವ ಬೆಳಕನ್ನು ಎಷ್ಟು ಹೀರುತ್ತದೆ ಎಂದು ಅಳೆಯುವ ಯುವಿ-ವಿಸಿಬಲ್ ಯಂತ್ರ ಬೇಕು. ನಿಮ್ಮ ವಿಭಾಗದಲ್ಲಿ ಇರುತ್ತದೆ. ಮಾಡಿದ ದಿನವೇ ಒಂದು ಸ್ಪೆಕ್ಟ್ರಮ್ ತೆಗೆದಿಡಿ. ಬಳಸುವ ದಿನ ಮತ್ತೊಂದು ತೆಗೆಯಿರಿ. ಚಿನ್ನದಲ್ಲಿ 520ರ ಶಿಖರ ತಗ್ಗಿ 650ರ ಸುತ್ತ ಬಾಲ ಎದ್ದರೆ ಕಣಗಳು ಅಂಟಿಕೊಳ್ಳುತ್ತಿವೆ. 650ರ ಓದನ್ನು 520ರ ಓದಿನಿಂದ ಭಾಗಿಸಿ ಬರೆದಿಟ್ಟುಕೊಳ್ಳಿ, ಆ ಸಂಖ್ಯೆ ಏರತೊಡಗಿದರೆ ಕಣ್ಣಿಗೆ ನೇರಳೆ ಕಾಣುವ ಮೊದಲೇ ನಿಮಗೆ ಗೊತ್ತಾಗುತ್ತದೆ. ಬೆಳ್ಳಿಯ ಶಿಖರ 400ರ ಹತ್ತಿರ. ಅದು ಅಗಲವಾಗದೆ, ಜಾಗ ಬಿಡದೆ, ಬರೀ ಗಿಡ್ಡವಾಗುತ್ತಿದ್ದರೆ ಬೆಳ್ಳಿ ಕರಗುತ್ತಿದೆ ಅಥವಾ ಬಾಟಲಿಯ ಗೋಡೆಗೆ ಹತ್ತುತ್ತಿದೆ. ಅಗಲವಾಗಿ ಬಲಕ್ಕೆ ಸರಿದರೆ ಅಂಟಿಕೊಳ್ಳುತ್ತಿದೆ ಅಥವಾ ಬೆಳೆಯುತ್ತಿದೆ. ಇವೆರಡಕ್ಕೂ ಮದ್ದು ಬೇರೆಬೇರೆ, ಆದ್ದರಿಂದ ಈ ವ್ಯತ್ಯಾಸವನ್ನು ಯಾರೂ ಕಡೆಗಣಿಸಬಾರದು. ಪ್ರಬಂಧಗಳಲ್ಲಿ 'ಮೂರು ತಿಂಗಳು ಸ್ಥಿರವಾಗಿತ್ತು' ಎಂದು ಬರೆದು, ಯಾವ ನೀರು, ಯಾವ ಬಾಟಲಿ, ಬೆಳಕಿತ್ತೋ ಇಲ್ಲವೋ ಒಂದನ್ನೂ ಹೇಳದೆ ಬಿಡುವುದನ್ನು ನೋಡಿದಾಗ ನನಗೆ ಸಿಟ್ಟು ಬರುತ್ತದೆ. ನೀವು ಹಾಗೆ ಬರೆಯಬೇಡಿ ತಂಗಿ. ಬಾಟಲಿಯ ಮೇಲೇ ತಾರೀಕು, ನೀರಿನ ಮೂಲ, ಶಿಖರದ ಅಂಕಿ ಬರೆದು ಅಂಟಿಸಿ.

ಇನ್ನು ಸೋದರಮಾವನ ಪ್ರಶ್ನೆ. ತಾಮ್ರ ಈ ಮೂರರಲ್ಲಿ ಅತಿ ಬೇಗ ಕೆಡುವುದು. ಗಾಳಿ ಸೇರಿದ ನೀರಿನಲ್ಲಿ ಒಳ್ಳೆಯ ಹೊದಿಕೆ ಇಲ್ಲದ ತಾಮ್ರದ ನ್ಯಾನೊಕಣ ತಾಸುಗಳಲ್ಲಿ, ಹೆಚ್ಚೆಂದರೆ ಕೆಲವು ದಿನಗಳಲ್ಲಿ ಆಕ್ಸೈಡ್ ಆಗುತ್ತದೆ. ಕ್ಯಾನಿನ ಮೇಲೆ ನ್ಯಾನೊ ತಾಮ್ರ ಎಂದಿದ್ದರೂ ಒಳಗೆ ಲೋಹವಾಗಿ ಉಳಿದಿರುವುದು ಎಷ್ಟು ಎಂಬುದು ಹೊದಿಕೆಯ ಮೇಲೆ ಹೋಗುತ್ತದೆ. ಅಡಿಕೆಯ ಕೊಳೆರೋಗದ ರೋಗಾಣುವನ್ನು ತಡೆಯುವುದು ತಾಮ್ರದ ಅಯಾನು, ಅದು ಆಕ್ಸೈಡಿನಿಂದಲೂ ಬರುತ್ತದೆ. ಹಾಗಾಗಿ ಆಕ್ಸೈಡ್ ಆದದ್ದೇ ದೊಡ್ಡ ನಷ್ಟ ಅಂತಲ್ಲ. ಕಣಗಳು ಅಂಟಿ ದಪ್ಪಗಾಗಿ ತಳ ಹಿಡಿದರೆ ನಷ್ಟ. ಆಗ ಔಷಧ ಗೊನೆಯ ಮೇಲೆ ಸಮನಾಗಿ ಕೂರುವುದಿಲ್ಲ, ಸ್ಪ್ರೇಯರಿನ ನಾಜಲ್ಲೂ ಕಟ್ಟುತ್ತದೆ. ಮಾವನಿಗೆ ಈ ಮಾತು ಹೊಸದಲ್ಲ. ಶೇ. 1ರ ಬೋರ್ಡೊ ದ್ರಾವಣಕ್ಕೆ 1 ಕಿಲೊ ಮೈಲುತುತ್ತ, 1 ಕಿಲೊ ಸುಣ್ಣ, 100 ಲೀಟರ್ ನೀರು ಹಾಕಿ ಅದೇ ದಿನ ಹೊಡೆದು ಮುಗಿಸುತ್ತಾರೆ, ನಾಳೆಗೆ ಇಡುವುದಿಲ್ಲ. ಅದರ ನುಣ್ಣನೆಯ ಕಣಗಳೂ ಹೊತ್ತು ಹೋದಂತೆ ದಪ್ಪಗಾಗಿ ಅಂಟುವ ಗುಣ ಕಳೆದುಕೊಳ್ಳುತ್ತವೆ. ಕ್ಯಾನಿನ ದ್ರಾವಣ ಕೊಳ್ಳುವುದಾದರೆ ತಯಾರಾದ ತಾರೀಕು, ಅವಧಿ, ತಾಮ್ರದ ಪ್ರಮಾಣ ನೋಡಿ ಒಂದು ಮಳೆಗಾಲಕ್ಕೆ ಬೇಕಾದಷ್ಟೇ ತರಲಿ. ತೆಳು ಮಾಡುವ ನೀರು ಘಟ್ಟದ ಮೇಲಿನ ತೋಟದ ಬಾವಿಯದ್ದಾದರೆ ಉಪ್ಪಿನ ಭಯ ಕಮ್ಮಿ. ಕೆಳಗೆ, ಕಡಲ ಹತ್ತಿರದ ತೋಟವಾದರೆ ಮೊದಲು ಒಂದು ಗಾಜಿನ ಲೋಟದಲ್ಲಿ ಕಲಸಿ ಒಂದು ತಾಸು ಬಿಟ್ಟು, ತಳ ಕೂರುತ್ತದೆಯೋ ನೋಡಿ ಆಮೇಲೆ ಪೀಪಾಯಿಗೆ ಹಾಕಲಿ. ನನ್ನನ್ನು ಕೇಳಿದರೆ, ಕೈಗೆ ಹತ್ತಿದ ಬೋರ್ಡೊವನ್ನು ಬಿಟ್ಟು ಪೂರ್ತಿ ತೋಟಕ್ಕೆ ಹೊಸದನ್ನು ಹೊಡೆಯುವ ಮೊದಲು ಒಂದು ಮೂಲೆಯ ಕೆಲವು ಮರಗಳಿಗೆ ಹೊಡೆದು ನೋಡಲಿ ಎನ್ನುತ್ತೇನೆ.

ಕೆಟ್ಟ ಬಾಟಲಿಗಳನ್ನು ಸಿಂಕಿಗೆ ಸುರಿಯಬೇಡಿ. ಬೆಳ್ಳಿ ನೀರಿನ ಸಣ್ಣ ಜೀವಿಗಳಿಗೆ ವಿಷ. ನಿಮ್ಮಲ್ಲಿಂದ ಹೋದದ್ದು ಕಾಳಿಗೋ ಕಡಲಿಗೋ ಸೇರುತ್ತದೆ. ಬೂಸ್ಟು ಬಂದ ಬಾಟಲಿಯನ್ನು ಮುಚ್ಚಿ, ಚೀಟಿ ಅಂಟಿಸಿ, ಲ್ಯಾಬಿನ ಭಾರಲೋಹದ ತ್ಯಾಜ್ಯಕ್ಕೆ ಕೊಡಿ. ಚಿನ್ನದ ತಳದ ಕಪ್ಪು ಪುಡಿ ಕಪ್ಪಗೆ ಕಂಡರೂ ಚಿನ್ನವೇ. 1 ಮಿಲಿಮೋಲಾರ್ ಕ್ಲೋರೊಆರಿಕ್ ಆಮ್ಲದಿಂದ (ಕಣ ಮಾಡಲು ಬಳಸುವ ಚಿನ್ನದ ಸಂಯುಕ್ತದಿಂದ) ಮಾಡಿದ 100 ಮಿಲಿಲೀಟರಿನಲ್ಲಿ ಸುಮಾರು 20 ಮಿಲಿಗ್ರಾಂ ಇರುತ್ತದೆ. ಮೇಲಿನ ನೀರನ್ನು ಬಸಿದು ಪುಡಿಯನ್ನು ಒಂದು ಸಣ್ಣ ಶೀಶೆಯಲ್ಲಿ ಕೂಡಿಡುತ್ತ ಬನ್ನಿ. ಸಾಕಷ್ಟು ಸೇರಿದ ಮೇಲೆ ನಿಮ್ಮ ಗೈಡ್ ಎದುರಿಗಿರುವಾಗ, ಫ್ಯೂಮ್ ಹುಡ್‌ನಲ್ಲಿ, ನೈಟ್ರಿಕ್ ಮತ್ತು ಹೈಡ್ರೊಕ್ಲೋರಿಕ್ ಆಮ್ಲಗಳ ಮಿಶ್ರಣವಾದ ಅಕ್ವಾ ರೀಜಿಯಾದಲ್ಲಿ ಕರಗಿಸಿದರೆ ಮತ್ತೆ ಕ್ಲೋರೊಆರಿಕ್ ಆಮ್ಲ ಸಿಗುತ್ತದೆ. ಉಳಿದ ನೈಟ್ರಿಕ್ ಆಮ್ಲವನ್ನು ಹೈಡ್ರೊಕ್ಲೋರಿಕ್ ಹಾಕಿ ಹಾಕಿ ಆವಿ ಮಾಡಿ ಓಡಿಸಿದ ಮೇಲೆ ಅದರಿಂದಲೇ ಮುಂದಿನ ಕಣಗಳನ್ನು ಮಾಡಬಹುದು.